ಕುದುರೆ ಕಿವಿಗೆ ಎಣ್ಣೆ ಬಿಡುವ ಮೊದಲು

ಪಶುಪಾಲನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಕುದುರೆ ಸಾಕುವವರಿಂದ ಬಂದ ಪತ್ರಗಳಲ್ಲಿ ಈ ಸಲ ಕಿವಿಯ ದೂರೇ ಹೆಚ್ಚು. ಮದುವೆ ಮೆರವಣಿಗೆಯ ಕುದುರೆ, ಕುರಿಮಂದೆಯ ಜೊತೆ ಸಾಮಾನು ಹೊರುವ ತಟ್ಟು, ತೋಟದಲ್ಲಿ ಹವ್ಯಾಸಕ್ಕೆ ಕಟ್ಟಿದ ಕುದುರೆ, ಎಲ್ಲದರ ಪ್ರಶ್ನೆಯೂ ಇದೆ. ಹಲವರು ಏನನ್ನೋ ಕಿವಿಗೆ ಬಿಟ್ಟ ಮೇಲೆ ಬರೆದಿದ್ದಾರೆ. ಬಿಡುವ ಮೊದಲೇ ಕೇಳಿದವರ ಪತ್ರವನ್ನು ಮುಂದಿಟ್ಟುಕೊಂಡು ಶುರು ಮಾಡುತ್ತೇವೆ.

ನಮ್ಮದು ಮೆರವಣಿಗೆಗೆ ಬಿಡುವ ಬಿಳಿ ಕುದುರೆ. ಹದಿನೈದು ದಿನದಿಂದ ತಲೆ ಕೊಡವುತ್ತಿದೆ, ಎಡಗಿವಿಯನ್ನು ಕಂಬಕ್ಕೆ ಉಜ್ಜುತ್ತಿದೆ. ಒಳಗೆ ಕಪ್ಪಗೆ ಗುಗ್ಗೆ ಕಾಣುತ್ತದೆ. ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಬೆಚ್ಚಗಿರುವಾಗ ನಾಲ್ಕು ಹನಿ ಬಿಡಿ ಅಂತ ಹಿರಿಯರು ಹೇಳುತ್ತಾರೆ. ಬಿಡಬಹುದಾ ಸರ್?
*ಒಬ್ಬ ಓದುಗರು, ಹರಿಹರ*

ಬಿಡಬೇಡಿ. ಕುದುರೆಯ ಕಿವಿ ನಾಳ ಉದ್ದವಾದದ್ದು. ಮೇಲಿನಿಂದ ಕೆಳಕ್ಕೆ ಇಳಿದು, ಆಮೇಲೆ ತಲೆಯ ಒಳಕ್ಕೆ ತಿರುಗುತ್ತದೆ. ಕಿವಿಯ ತಮಟೆ ಆ ತಿರುವಿನ ಆಚೆ ಇದೆ, ಟಾರ್ಚ್ ಬಿಟ್ಟರೂ ನಿಮಗೆ ಕಾಣುವುದಿಲ್ಲ. ಬಿಟ್ಟ ಎಣ್ಣೆ ತಳದಲ್ಲಿ ನಿಲ್ಲುತ್ತದೆ, ಹೊರಗೆ ಬರುವ ದಾರಿ ಇಲ್ಲ. ಅದಕ್ಕೆ ಧೂಳು, ಹೊಟ್ಟು ಅಂಟಿ ಗಟ್ಟಿಯಾಗುತ್ತದೆ. ತಮಟೆ ಹರಿದಿದ್ದರೆ ಎಣ್ಣೆ ನೇರ ನಡುಗಿವಿಗೆ ಹೋಗುತ್ತದೆ. ಬೆಳ್ಳುಳ್ಳಿಯ ಖಾರಕ್ಕೆ ನಾಳದ ಎಳೆ ಚರ್ಮ ಸುಡುತ್ತದೆ. ಮನೆಯಲ್ಲಿ ಉಳಿದಿರುವ ಮನುಷ್ಯರ ಕಿವಿ ಡ್ರಾಪ್ಸ್, ಹೈಡ್ರೋಜನ್ ಪೆರಾಕ್ಸೈಡ್, ಡೆಟಾಲ್ ನೀರು ಕೂಡ ಬೇಡ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿಗಳು ಹರಿದ ತಮಟೆ ದಾಟಿ ಒಳಗಿವಿ ಸೇರಿದರೆ ಕಿವುಡು ಬರಬಹುದು.

ಮೊದಲ ಕೆಲಸ ನೋಡುವುದು. ಹಗಲು ಬೆಳಕಿನಲ್ಲಿ, ಗಲಾಟೆ ಇಲ್ಲದ ಜಾಗದಲ್ಲಿ, ಲಗಾಮು ಮತ್ತು ತಲೆಯ ಅಲಂಕಾರ ಪೂರ್ತಿ ತೆಗೆದು ನಿಲ್ಲಿಸಿ. ಗೂಟಕ್ಕೆ ಬಿಗಿಯಾಗಿ ಕಟ್ಟಬೇಡಿ, ಬೆಚ್ಚಿ ಹಿಂದಕ್ಕೆ ಎಳೆದರೆ ಕುತ್ತಿಗೆಗೆ ಪೆಟ್ಟಾಗುತ್ತದೆ. ಒಬ್ಬರು ಹಗ್ಗ ಹಿಡಿಯಲಿ, ಕೈಗೆ ಸುತ್ತಿಕೊಳ್ಳದೆ ಹಿಡಿಯಲಿ, ನೀವು ನಿಂತ ಪಕ್ಕದಲ್ಲೇ ನಿಲ್ಲಲಿ. ನೀವು ಭುಜದ ಹತ್ತಿರ ನಿಂತು ಕುತ್ತಿಗೆ ತುರಿಸುತ್ತಾ ಮೇಲಕ್ಕೆ ಹೋಗಿ. ಜೂಲಿನ ಬುಡ, ನೆತ್ತಿ, ಆಮೇಲೆ ಕಿವಿಯ ಬುಡ. ಅಂಗೈಯನ್ನು ಕಿವಿಯ ಹಿಂಬದಿಗೆ ಒರಗಿಸಿ ಹಾಗೇ ಮೇಲಕ್ಕೆ ಜಾರಿಸಿ. ತುದಿಯನ್ನು ಗಬಕ್ಕನೆ ಹಿಡಿದರೆ ಕೆಲಸ ಅಲ್ಲಿಗೇ ಕೆಟ್ಟಿತು. ಕುದುರೆ ತಲೆ ಎತ್ತುವ ಮೊದಲೇ ಕೈ ತೆಗೆದು, ಮತ್ತೆ ಶುರು ಮಾಡಿ. ಮೂರು ನಾಲ್ಕು ನಿಮಿಷ ಸಾಕು, ಉಳಿದದ್ದು ನಾಳೆ.

ಕಿವಿ ಹಿಂಡಿ ಹಿಡಿಯುವ ಪದ್ಧತಿಯನ್ನು ದಯವಿಟ್ಟು ಬಿಡಿ. ಕಿವಿ ಹಿಂಡಿದಾಗ ಕುದುರೆ ಸುಮ್ಮನೆ ನಿಂತಂತೆ ಕಂಡರೂ ಅದರ ಎದೆಬಡಿತ ಏರಿರುತ್ತದೆ. ನೋವಿಗೆ ಹೆದರಿ ನಿಂತಿರುತ್ತದೆ, ಅಷ್ಟೇ. ನಾಲ್ಕು ಸಲ ಹಾಗೆ ಮಾಡಿದ ಮೇಲೆ ಆ ಕುದುರೆ ಲಗಾಮು ಹಾಕಲೂ ಬಿಡುವುದಿಲ್ಲ. ಮೇಲ್ತುಟಿಗೆ ಹಗ್ಗದ ಕುಣಿಕೆ ಹಾಕಿ ಹಿಡಿಯುವುದು ಐದು ನಿಮಿಷದ ಒಳಗಿನ ಕೆಲಸಕ್ಕೆ ಆದೀತು, ಅದನ್ನೂ ಅನುಭವಸ್ಥರೇ ಮಾಡಬೇಕು. ಕುದುರೆ ಮುಂಗಾಲು ಎತ್ತಿ ನಿಲ್ಲುತ್ತಿದ್ದರೆ ಹಟ ಬೇಡ. ವೈದ್ಯರು ಮಂಪರಿನ ಇಂಜೆಕ್ಷನ್ ಕೊಟ್ಟು ನೋಡಬಹುದು.

ಇನ್ನು ಗುಗ್ಗೆಯ ವಿಷಯ. ಕಂದು ಅಥವಾ ಕಪ್ಪು ಬಣ್ಣದ, ಸ್ವಲ್ಪ ಅಂಟಂಟಾದ, ವಾಸನೆ ಇಲ್ಲದ ಗುಗ್ಗೆ ಎರಡೂ ಕಿವಿಯಲ್ಲಿ ಒಂದೇ ಥರ ಇದ್ದರೆ ಅದು ರೋಗವಲ್ಲ. ಧೂಳನ್ನೂ ಹುಳುವನ್ನೂ ತಡೆಯುವುದು ಅದೇ. ಒಳಗಿನ ರೋಮವೂ ಅದೇ ಕೆಲಸ ಮಾಡುತ್ತದೆ. ಮೆರವಣಿಗೆಗೆ ಚೆಂದ ಕಾಣಲಿ ಎಂದು ಕಿವಿಯೊಳಗಿನ ರೋಮ ಕತ್ತರಿಸುವವರು ನೊಣಕ್ಕೆ ಬಾಗಿಲು ತೆಗೆದಿಟ್ಟಂತೆ. ಒಂದೇ ಕಿವಿಯಲ್ಲಿ ಇದ್ದು, ಕೆಟ್ಟ ವಾಸನೆ ಬಂದರೆ, ಹಳದಿಯಾಗಿ ಒಸರಿದರೆ, ಮುಟ್ಟಿದರೆ ನೋಯುತ್ತಿದ್ದರೆ ಮಾತು ಬೇರೆ.

ನಿಮ್ಮ ಕುದುರೆ ಒಂದೇ ಕಿವಿ ಉಜ್ಜುತ್ತಿದೆ. ಆದ್ದರಿಂದ ಮೊದಲು ಉಣ್ಣೆಯನ್ನೂ, ಆಮೇಲೆ ಒಳಗೆ ಸಿಕ್ಕಿರಬಹುದಾದ ವಸ್ತುವನ್ನೂ ಹುಡುಕಿ. ಉಣ್ಣೆ ಕಿವಿ ಹಾಳೆಯ ಒಳಮಡಿಕೆಯಲ್ಲಿ, ಬುಡದ ಸಂದಿಯಲ್ಲಿ ಕಚ್ಚಿರುತ್ತದೆ. ತುದಿ ಚೂಪಾದ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ, ಅದರ ಬಾಯಿಯ ಬಳಿ ಹಿಡಿದು, ತಿರುಚದೆ ನೇರವಾಗಿ ನಿಧಾನಕ್ಕೆ ಎಳೆಯಿರಿ. ಹೊಟ್ಟೆ ಹಿಡಿದು ಎಳೆದರೆ ತಲೆ ಚರ್ಮದಲ್ಲೇ ಉಳಿದು ಗಂಟಾಗಿ ಕೀವು ಕಟ್ಟುತ್ತದೆ. ಸೀಮೆಎಣ್ಣೆ ಹಾಕುವುದು, ಊದಿನಕಡ್ಡಿ ತಾಗಿಸುವುದು ಬೇಡ. ಉರಿಗೆ ಉಣ್ಣೆ ತನ್ನ ಜೊಲ್ಲನ್ನು ಗಾಯದೊಳಕ್ಕೆ ಕಕ್ಕುತ್ತದೆ. ತೆಗೆದದ್ದನ್ನು ಬೆರಳಲ್ಲಿ ಒತ್ತಿ ಸಾಯಿಸಬೇಡಿ, ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿ. ಕಚ್ಚಿದ ಜಾಗಕ್ಕೆ ನೀರು ಬೆರೆಸಿ ತೆಳುವಾದ ಚಹಾದ ಬಣ್ಣಕ್ಕೆ ತಂದ ಪೊವಿಡೋನ್ ಅಯೋಡಿನ್ ಒರೆಸಿದರೆ ಸಾಕು.

ಕಿವಿಯ ಆಳದಲ್ಲಿ ತಿಂಗಳುಗಟ್ಟಲೆ ಕೂರುವ ಒಂದು ಜಾತಿ ಉಣ್ಣೆಯೂ ಇದೆ. ಬೂದು ಬಣ್ಣ, ಮೈಮೇಲೆ ಸಣ್ಣ ಮುಳ್ಳು. ಅದರ ಮರಿಗಳು ಮಾತ್ರ ಕಿವಿಯಲ್ಲಿ ರಕ್ತ ಹೀರುತ್ತವೆ. ಬೆಳೆದ ಮೇಲೆ ಉದುರಿ ಗೋಡೆಯ ಬಿರುಕು, ಗೋದಲಿಯ ಸಂದಿಯಲ್ಲಿ ಉಳಿದು ಅಲ್ಲೇ ಮೊಟ್ಟೆ ಇಡುತ್ತವೆ. ಅಂಥ ಕುದುರೆಗೆ ಸ್ನಾಯು ಸೆಳೆತ ಬಂದು ಹೊಟ್ಟೆಶೂಲೆಯಂತೆ ಒದ್ದಾಡುವುದೂ ಉಂಟು. ಇದನ್ನು ಚಿಮಟದಿಂದ ತೆಗೆಯಲು ಆಗುವುದಿಲ್ಲ, ವೈದ್ಯರೇ ತೆಗೆಯಬೇಕು. ನಿಮ್ಮ ಪಾಲಿನ ಕೆಲಸವೆಂದರೆ ಲಾಯದ ಬಿರುಕುಗಳಿಗೆ ಸಿಮೆಂಟು ಮೆತ್ತಿ ಸುಣ್ಣ ಬಳಿಯುವುದು.

ಹೊರಗಿವಿ ಒರೆಸಲು ಉಪ್ಪುನೀರು ಸಾಕು. ಅರ್ಧ ಲೀಟರ್ ನೀರನ್ನು ಹತ್ತು ನಿಮಿಷ ಕುದಿಸಿ, 4.5 ಗ್ರಾಂ ಉಪ್ಪು ಹಾಕಿ. ಮಟ್ಟಸ ಮಾಡಿದ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ ಎಂದುಕೊಳ್ಳಿ. ಉಗುರುಬೆಚ್ಚಗೆ ಆರಲಿ. ಹಳೆಯ ಹತ್ತಿ ಪಂಚೆಯ ಚೌಕ ತುಂಡುಗಳನ್ನು ಅದರಲ್ಲಿ ಅದ್ದಿ, ಹನಿ ಬೀಳದಷ್ಟು ಹಿಂಡಿ, ತೋರುಬೆರಳಿಗೆ ಸುತ್ತಿ, ಕಣ್ಣಿಗೆ ಕಾಣುವ ಭಾಗವನ್ನು ಮಾತ್ರ ಒಳಗಿನಿಂದ ಹೊರಕ್ಕೆ ಒರೆಸಿ. ಒಂದು ಕಿವಿಗೆ ಬಳಸಿದ ತುಂಡನ್ನು ಇನ್ನೊಂದಕ್ಕೆ ತಾಗಿಸಬಾರದು. ಕೊನೆಗೆ ಒಣಬಟ್ಟೆಯಲ್ಲಿ ಒತ್ತಿ, ಪಸೆ ಇಲ್ಲದಂತೆ ಮಾಡಿ. ಒದ್ದೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಕಡ್ಡಿಗೆ ಹತ್ತಿ ಸುತ್ತಿ ತೂತಿನೊಳಗೆ ಹಾಕುವುದು ಬೇಡವೇ ಬೇಡ, ಗುಗ್ಗೆ ಇನ್ನೂ ಆಳಕ್ಕೆ ಹೋಗುತ್ತದೆ. ಮೂರು ದಿನ ಹೀಗೆ ಒರೆಸಿದ ಮೇಲೂ ಉಜ್ಜಾಟ ನಿಲ್ಲದಿದ್ದರೆ ವೈದ್ಯರನ್ನು ಕರೆಸಿ.

ನಿಮ್ಮದು ಬಿಳಿ ಕುದುರೆ ಎಂದದ್ದರಿಂದ ಇನ್ನೊಂದು ಮಾತು. ಹುಟ್ಟುವಾಗ ಕಪ್ಪಗೋ ಕಂದಾಗಿಯೋ ಇದ್ದು ವಯಸ್ಸಾದಂತೆ ಬೆಳ್ಳಗಾಗುವ ಕುದುರೆಗಳಿಗೆ ಕಿವಿಯ ಬುಡದ ಕೆಳಗೆ, ದವಡೆಯ ಹಿಂದೆ, ಬಾಲದ ಅಡಿಯಲ್ಲಿ ಕಪ್ಪು ಗಡ್ಡೆ ಬರುವುದು ಹೆಚ್ಚು. ಕಿವಿ ನೋಡುವಾಗ ಅಲ್ಲೂ ಬೆರಳಾಡಿಸಿ. ಗಟ್ಟಿ ಗಂಟು ಸಿಕ್ಕರೆ ಅಳತೆ ಬರೆದಿಟ್ಟು ತೋರಿಸಿ.

ಕುರಿ, ದನಕ್ಕೆ ಉಣ್ಣೆ ಔಷಧ ನೀರಿಗೆ ಬೆರೆಸಿ ಹೊಡಿತೀವಿ. ತಟ್ಟಿನ ಕಿವಿಯೊಳಗೆ ಹೊಟ್ಟು ಹೊಟ್ಟಾಗಿ ಹಕ್ಕಳೆ ಕಟ್ಟೈತೆ, ಭಾಳ ತುರಿಸ್ಕೊಳ್ಳುತ್ತೆ. ಅದೇ ಔಷಧ ಹಚ್ಚಬಹುದಾ? ಕುರಿಗೆ ಹಾಕೋ ಐವರ್ಮೆಕ್ಟಿನ್ ಇಂಜೆಕ್ಷನ್ನೇ ಹಾಕಿದ್ರೆ ಆಗುತ್ತಾ?
*ಒಬ್ಬ ಕುರಿಗಾರರು, ಚಳ್ಳಕೆರೆ ತಾಲ್ಲೂಕು*

ಎರಡೂ ಬೇಡಣ್ಣ. ಈ ಉತ್ತರವನ್ನು ನಿಮ್ಮ ಜೊತೆ ಹೊರಡುವ ಎಲ್ಲ ಮಂದೆಯವರಿಗೂ ಓದಿ ಹೇಳಿ.

ಔಷಧದ ಡಬ್ಬಿ ತಿರುಗಿಸಿ ನೋಡಿ. ಅಮಿಟ್ರಾಜ್ ಎಂದು ಬರೆದಿದ್ದರೆ ಅದನ್ನು ಕುದುರೆ, ಕತ್ತೆ, ಹೇಸರಗತ್ತೆಗೆ ಒಂದು ಹನಿಯೂ ಮುಟ್ಟಿಸಬಾರದು. ದನ, ಕುರಿಗೆ ಒಗ್ಗುವ ಈ ಔಷಧ ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸುತ್ತದೆ. ಮೊದಲು ಮಂಕಾಗುತ್ತದೆ, ಕಾಲು ತಡವರಿಸುತ್ತದೆ. ಆಮೇಲೆ ಲದ್ದಿ ನಿಂತು ದೊಡ್ಡ ಕರುಳಿನಲ್ಲಿ ಗಟ್ಟಿ ಕಟ್ಟಿಕೊಂಡು ಹೊಟ್ಟೆಶೂಲೆಯಾಗಿ ಸಾಯುವ ಅಪಾಯವಿದೆ. ಗೊತ್ತಿಲ್ಲದೆ ಹಚ್ಚಿದ್ದರೆ ತಕ್ಷಣ ಸೋಪುನೀರಲ್ಲಿ ತೊಳೆದು, ಲಕ್ಷಣಕ್ಕೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಡಬ್ಬಿ ಕೈಯಲ್ಲೇ ಇರಲಿ, ಹೆಸರು ಓದಿ ಹೇಳಬೇಕಾಗುತ್ತದೆ.

ಹುಳ, ನುಸಿ ಕೊಲ್ಲುವ ಐವರ್ಮೆಕ್ಟಿನ್ ಕುದುರೆಗೆ ಆಗುವ ಔಷಧವೇ, ಆದರೆ ಬಾಯಿಯ ಮೂಲಕ. ಕುರಿ, ದನಕ್ಕೆ ಚುಚ್ಚುವ ದ್ರಾವಣವನ್ನು ಕುದುರೆಗೆ ಚುಚ್ಚಿದರೆ ಆ ಜಾಗ ಊದಿ, ಗಾಳಿಯಿಲ್ಲದ ಕಡೆ ಬೆಳೆಯುವ ರೋಗಾಣು ಹತ್ತಿ, ಮಾಂಸ ಕೊಳೆತು ಜೀವಕ್ಕೇ ಬರಬಹುದು. ಬಾಯಿಗೆ ಕೊಡುವ ಪೇಸ್ಟಿನ ಲೆಕ್ಕ ಒಂದು ಕಿಲೋ ತೂಕಕ್ಕೆ 0.2 ಮಿಲಿಗ್ರಾಂ.

ತೂಕವನ್ನು ಟೇಪಿನಲ್ಲೇ ಅಂದಾಜು ಮಾಡಬಹುದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 145, ಉದ್ದ 130 ಇದ್ದರೆ ತೂಕ ಸುಮಾರು 230 ಕಿಲೋ, ಔಷಧ 46 ಮಿಲಿಗ್ರಾಂ. ಕಣ್ಣಂದಾಜಿನಲ್ಲಿ ಕೊಟ್ಟವರು ಸಾಮಾನ್ಯವಾಗಿ ಕಡಿಮೆ ಕೊಡುತ್ತಾರೆ, ನುಸಿ ಸಾಯುವುದಿಲ್ಲ, ಔಷಧಕ್ಕೆ ಮಾತ್ರ ಕೆಟ್ಟ ಹೆಸರು. ಬಾಯಲ್ಲಿ ಮೇವು ಇಲ್ಲದಾಗ ನಾಲಿಗೆಯ ಹಿಂಬದಿಗೆ ಪೇಸ್ಟು ಬಿಟ್ಟು, ನುಂಗುವವರೆಗೆ ಗದ್ದ ಎತ್ತಿ ಹಿಡಿಯಿರಿ. ಉಗುಳಿದ್ದು ನೆಲದ ಮೇಲೆ ಬಿದ್ದರೆ ಮಣ್ಣು ಸಮೇತ ಬಾಚಿ ಹೂಳಿ. ಕುದುರೆಯ ಪೇಸ್ಟು ಕುರಿ ಕಾಯುವ ನಾಯಿಗೆ ವಿಷ, ನೆಕ್ಕಲು ಬಿಡಬೇಡಿ.

ನೀವು ಬರೆದಿರುವ ಹೊಟ್ಟು, ಹಕ್ಕಳೆ, ತುರಿಕೆ ನೋಡಿದರೆ ಕಿವಿನುಸಿ ಇರುವ ಸಂಭವ ಹೆಚ್ಚು. ಹಕ್ಕಳೆಯ ಪುಡಿಯನ್ನು ಕಪ್ಪು ಕಾಗದದ ಮೇಲೆ ಉದುರಿಸಿ ಬಿಸಿಲಲ್ಲಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ. ಬಿಳಿ ಚುಕ್ಕೆಗಳು ಹರಿದಾಡಿದರೆ ಅನುಮಾನ ಗಟ್ಟಿಯಾಯಿತು. ಏನೂ ಹರಿದಾಡದಿದ್ದರೆ ನುಸಿ ಇಲ್ಲ ಎಂದರ್ಥವಲ್ಲ, ಆ ಪುಡಿಯನ್ನೇ ಸಣ್ಣ ಡಬ್ಬಿಯಲ್ಲಿ ದನದ ಆಸ್ಪತ್ರೆಗೆ ಒಯ್ದರೆ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಔಷಧಕ್ಕೆ ಮೊಟ್ಟೆ ಸಾಯುವುದಿಲ್ಲ. ಮರಿ ಹೊರಬಂದ ಮೇಲೆ, 14 ದಿನಕ್ಕೆ ಎರಡನೇ ಸಲ ಕೊಡಲೇಬೇಕು. ಜೊತೆಗಿರುವ ಎಲ್ಲ ತಟ್ಟು, ಕತ್ತೆಗೂ ಒಂದೇ ದಿನ ಕೊಡಿ. ನುಸಿ ಮೈ ಬಿಟ್ಟ ಮೇಲೂ ಹಲವು ದಿನ ಬದುಕುತ್ತದೆ, ಆದ್ದರಿಂದ ಬೆನ್ನಿಗೆ ಹಾಕುವ ಕಂಬಳಿ, ಹಗ್ಗ, ಬ್ರಷ್ಷುಗಳನ್ನು ಕುದಿನೀರಲ್ಲಿ ಅದ್ದಿ ಬಿಸಿಲಿಗೆ ಹರವಿ. ಮುಂದಿನ ಸಂತೆಗೆ ಹೋಗಿ ಪೇಸ್ಟು ತರುವ ಮೊದಲು ಒಂದು ಸಲ ವೈದ್ಯರಿಂದ ಚೀಟಿ ಬರೆಸಿಕೊಳ್ಳಿ.

ನಮ್ಮ ತೋಟ ಭದ್ರಾ ಕಾಲುವೆಯ ಪಕ್ಕ. ಕುದುರೆಯ ಎರಡೂ ಕಿವಿಯ ಒಳಗೆ ಬಿಳಿ ಮಚ್ಚೆ, ಸುಣ್ಣ ಹಚ್ಚಿದ ಹಾಗೆ. ಕೆರೆದರೆ ಕೆಳಗೆ ಗುಲಾಬಿ ಬಣ್ಣ. ಬೂಷ್ಟಿನ ಮುಲಾಮು ಒಂದು ತಿಂಗಳು ಹಚ್ಚಿದರೂ ಹೋಗಿಲ್ಲ.
*ಒಬ್ಬ ಓದುಗರು, ದಾವಣಗೆರೆ ತಾಲ್ಲೂಕು*

ಹೋಗುವುದಿಲ್ಲ, ಯಾಕೆಂದರೆ ನಿಮ್ಮ ವಿವರಣೆಗೆ ಹೊಂದುವುದು ಬೂಷ್ಟಲ್ಲ, ಕುದುರೆಯ ನರೂಲಿ ಜಾತಿಯ ವೈರಸ್ಸಿನಿಂದ ಬರುವ ಮಚ್ಚೆ. ಕಿವಿ ಕಚ್ಚುವ ಸಣ್ಣ ಕರಿನೊಣಗಳು ಅದನ್ನು ಹರಡುತ್ತವೆ ಎಂಬುದು ಬಲವಾದ ಅಭಿಪ್ರಾಯ. ಗೂನುಬೆನ್ನಿನ ಈ ನೊಣ ಹರಿಯುವ ನೀರಲ್ಲಿ, ಕಲ್ಲು ಹುಲ್ಲುಗಳಿಗೆ ಮರಿ ಅಂಟಿಸಿ ಬೆಳೆಯುತ್ತದೆ, ಕಾಲುವೆಯ ಪಕ್ಕ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಬೂಷ್ಟಿನ ಹುಳಕಡ್ಡಿ ಸಾಮಾನ್ಯವಾಗಿ ಹೊರಮೈಯಲ್ಲಿ ರೋಮ ಉದುರಿ ದುಂಡಗೆ ಕಾಣುತ್ತದೆ, ಮನುಷ್ಯರಿಗೂ ಅಂಟುತ್ತದೆ. ಈ ಮಚ್ಚೆ ಕಿವಿ ಹಾಳೆಯ ಒಳಬದಿಯಲ್ಲಷ್ಟೇ ಬರುತ್ತದೆ, ನಿಮಗೆ ಅಂಟುವುದಿಲ್ಲ, ಕೆರೆಯದೇ ಇದ್ದರೆ ಕುದುರೆಗೆ ನೋವೂ ಇಲ್ಲ. ಹೆಚ್ಚಿನ ಕುದುರೆಗಳಿಗೆ ಇದು ಜೀವಮಾನವಿಡೀ ಉಳಿಯುತ್ತದೆ, ಹಾಗೇ ಬಿಡುವುದೇ ಒಳ್ಳೆಯ ಚಿಕಿತ್ಸೆ. ಕೆರೆಯುವುದನ್ನು ಇವತ್ತೇ ನಿಲ್ಲಿಸಿ. ಇಮಿಕ್ವಿಮಾಡ್ 5% ಎಂಬ ಕ್ರೀಮು ಕೆಲಸ ಮಾಡುತ್ತದೆ ನಿಜ. ಆದರೆ ವಾರಕ್ಕೆ ಮೂರು ಸಲ, ವಾರ ಬಿಟ್ಟು ವಾರ, ತಿಂಗಳುಗಟ್ಟಲೆ ಹಚ್ಚಬೇಕು. ಹಚ್ಚಿದ ಜಾಗ ಕೆಂಪಾಗಿ ಒಸರಿ ವಿಪರೀತ ನೋಯುತ್ತದೆ, ಎರಡನೇ ವಾರಕ್ಕೆ ಕುದುರೆ ತಲೆ ಮುಟ್ಟಲು ಬಿಡುವುದಿಲ್ಲ. ಕಿವಿ ಮುಟ್ಟಿದರೆ ಸಿಡಿಯುವಷ್ಟು ತೊಂದರೆ ಮೊದಲೇ ಇದ್ದರೆ ಮಾತ್ರ, ವೈದ್ಯರ ಕೈಯಲ್ಲಿ ಅದನ್ನು ಮಾಡಿಸಿ. ಮಚ್ಚೆ ಗಂಟಾಗಿ ಬೆಳೆದರೆ, ರಕ್ತ ಒಸರಿದರೆ ಅದು ಬೇರೆ ಜಾತಿಯ ಗಡ್ಡೆ ಇರಬಹುದು, ತಡಮಾಡಬೇಡಿ.

ನಿಮ್ಮ ಶ್ರಮವನ್ನು ನೊಣದ ಕಡೆ ತಿರುಗಿಸಿ. ಕರಿನೊಣ ಹಗಲಲ್ಲಿ, ಅದರಲ್ಲೂ ಬೆಳಗ್ಗೆ ಸಂಜೆ ಕಚ್ಚುತ್ತದೆ, ಕತ್ತಲ ಲಾಯದೊಳಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಆ ಎರಡು ಹೊತ್ತು ಕುದುರೆಯನ್ನು ಒಳಗೆ ಕಟ್ಟಿ, ಕೈಗೆ ಬಾಯಿಗೆ ಸಿಗದ ಎತ್ತರದಲ್ಲಿ ಒಂದು ಫ್ಯಾನ್ ಹಾಕಿ. ಗುಂಗುರು, ಕರಿನೊಣ ಎರಡಕ್ಕೂ ಗಾಳಿಗೆ ಎದುರು ಹಾರುವ ಶಕ್ತಿ ಇಲ್ಲ. ಹೊರಗೆ ಬಿಡುವ ಮೊದಲು ಕಿವಿ ಹಾಳೆಯ ಒಳಬದಿಗೆ ವ್ಯಾಸಲೀನನ್ನು ಹೊಳಪು ಬರುವಷ್ಟು ಮಾತ್ರ ಸವರಿ. ಮುದ್ದೆ ಮುದ್ದೆ ಹಚ್ಚಿದರೆ ಬಿಸಿಲಿಗೆ ಕರಗಿ ನಾಳಕ್ಕೆ ಇಳಿಯುತ್ತದೆ. ಬೇವಿನ ಎಣ್ಣೆ ಹಚ್ಚಲೇಬೇಕು ಅನ್ನುವವರು ಒಂದು ಪಾಲಿಗೆ ಒಂಬತ್ತು ಪಾಲು ಕೊಬ್ಬರಿ ಎಣ್ಣೆ ಸೇರಿಸಿ, ಮೊದಲು ಕುತ್ತಿಗೆಯ ಮೇಲೆ ರೂಪಾಯಿ ಅಗಲ ಹಚ್ಚಿ ಒಂದು ದಿನ ನೋಡಿ. ಕಿವಿಯ ಹೊರಬದಿಗೆ ಮಾತ್ರ ಅದು.

ಕಿವಿಟೋಪಿ ಮನೆಯಲ್ಲೇ ಹೊಲಿಯಬಹುದು. ಮೆತ್ತನೆಯ ಸೊಳ್ಳೆಪರದೆಯ ಬಟ್ಟೆ ಸಾಕು. ಕಿವಿಯ ಉದ್ದಕ್ಕಿಂತ ಮೂರು ಸೆಂಟಿಮೀಟರ್ ಜಾಸ್ತಿ ಬಿಟ್ಟು ಎರಡು ಕೋನ ಹೊಲಿದು, ಹಣೆಯ ಮೇಲೆ ಬೀಳುವ ತ್ರಿಕೋನಕ್ಕೆ ಜೋಡಿಸಿ, ಹೊಲಿಗೆಯ ಅಂಚು ಹೊರಗೆ ಬರಲಿ. ಒಳಗೆ ಬಂದರೆ ಉಜ್ಜಿ ಹುಣ್ಣಾಗುತ್ತದೆ. ಮಾರವಾಡಿ, ಕಾಠಿಯಾವಾಡಿ ತಳಿಯ ಕುದುರೆಗೆ ಕಿವಿ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದರಿಂದ ತುದಿಯಲ್ಲಿ ಇನ್ನೂ ಸಡಿಲ ಬೇಕು. ರಾತ್ರಿ ತೆಗೆದಿಡಿ.

ಎರಡು ವರ್ಷದ ಮರಿ. ಕಿವಿ ಬುಡದ ಮುಂದೆ ಸಣ್ಣ ತೂತು, ಅಲ್ಲಿಂದ ಅಂಟು ಜಿನುಗುತ್ತಲೇ ಇರುತ್ತದೆ. ಅರಿಶಿನ ಹಚ್ಚಿದರೆ ಒಂದು ವಾರ ಒಣಗಿ ಮತ್ತೆ ಶುರು.
*ಒಬ್ಬ ಓದುಗರು, ಹೊಸದುರ್ಗ*

ಇದು ಗಾಯವಲ್ಲ, ಹುಟ್ಟಿನಿಂದಲೇ ಬಂದ ಚೀಲ ಇರಬೇಕು. ಗರ್ಭದಲ್ಲಿ ಹಲ್ಲಾಗಬೇಕಿದ್ದ ಜೀವಕೋಶಗಳು ದಾರಿ ತಪ್ಪಿ ಕಿವಿಯ ಬುಡದಲ್ಲಿ ಉಳಿದು, ಅಲ್ಲೇ ಚೀಲ ಕಟ್ಟುತ್ತವೆ. ಕೆಲವದರಲ್ಲಿ ನಿಜವಾದ ಹಲ್ಲೇ ಬೆಳೆದಿರುತ್ತದೆ, ಒತ್ತಿದರೆ ಕಲ್ಲಿನಂತೆ ಸಿಗುತ್ತದೆ. ತೂತು ಮುಚ್ಚುವ ಯಾವ ಔಷಧವೂ ನಿಲ್ಲುವುದಿಲ್ಲ, ಒಳಗಿನ ಚೀಲದ ಗೋಡೆಯೇ ಅಂಟನ್ನು ತಯಾರಿಸುತ್ತಿರುತ್ತದೆ. ಎಕ್ಸ್-ರೇ ತೆಗೆಸಿ, ಶಸ್ತ್ರಚಿಕಿತ್ಸೆಯಲ್ಲಿ ಚೀಲವನ್ನು ಪೂರ್ತಿ ತೆಗೆಸಬೇಕು. ಹಲ್ಲು ತಲೆಬುರುಡೆಗೆ ಅಂಟಿರುವುದುಂಟು, ಆದ್ದರಿಂದ ಇದು ಕೊಟ್ಟಿಗೆಯಲ್ಲಿ ಮಾಡುವ ಕೆಲಸವಲ್ಲ. ನಿಮಗೆ ಹತ್ತಿರವೆಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಜೀವಕ್ಕೆ ಆತುರವಿಲ್ಲ, ಹಣ ಹೊಂದಿಸಿಕೊಂಡು ಹೋಗಬಹುದು. ಅಲ್ಲಿಯವರೆಗೆ ಉಪ್ಪುನೀರಲ್ಲಿ ಒರೆಸಿ, ನೊಣ ಕೂರದಂತೆ ನೋಡಿಕೊಳ್ಳಿ.

ಬ್ಯಾಂಡು, ಪಟಾಕಿ ಸದ್ದಿಗೆ ಬೆದರದಿರಲಿ ಎಂದು ಕಿವಿಗೆ ಹತ್ತಿ ತುರುಕುತ್ತೇವೆ. ಒಂದು ಸಲ ಒಳಗೇ ಉಳಿದಿದೆ ಅನ್ನಿಸುತ್ತಿದೆ. ಈಗ ಕಿವಿ ದಿಂಬಿನ ಹಾಗೆ ಊದಿದೆ.
*ಒಬ್ಬ ಓದುಗರು, ಜಗಳೂರು*

ಎರಡು ತೊಂದರೆ ಒಟ್ಟಿಗೆ ಆಗಿವೆ. ಹತ್ತಿಯ ಕಿರಿಕಿರಿಗೆ ತಲೆ ಕೊಡವಿ ಕೊಡವಿ, ಕಿವಿ ಹಾಳೆಯೊಳಗಿನ ರಕ್ತನಾಳ ಒಡೆದು, ಚರ್ಮಕ್ಕೂ ಒಳಗಿನ ಮೆದುಮೂಳೆಗೂ ನಡುವೆ ರಕ್ತ ತುಂಬಿಕೊಂಡಿರುವಂತಿದೆ. ಸೂಜಿಯಿಂದ ಚುಚ್ಚಬೇಡಿ. ರಕ್ತ ಹೊರಗೆ ಬಂದರೂ ಗಂಟೆಯೊಳಗೆ ಮತ್ತೆ ತುಂಬುತ್ತದೆ, ಮೇಲೆ ಕೀವಾಗುವ ಭಯ. ಮೊದಲ ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಿ. ಎರಡು ಮೂರು ದಿನದೊಳಗೆ ವೈದ್ಯರು ಸೀಳಿ, ಮತ್ತೆ ತುಂಬದಂತೆ ಹೊಲಿಗೆ ಹಾಕಬೇಕು, ಒಳಗಿನ ಹತ್ತಿಯನ್ನೂ ಆಗಲೇ ತೆಗೆಯುತ್ತಾರೆ. ಹಾಗೇ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಕಿವಿ ಮುದುಡಿ ಹೋಗುತ್ತದೆ. ಧನುರ್ವಾಯು ಕುದುರೆಗೆ ಬಹು ಬೇಗ ಹತ್ತುವ ರೋಗ. ವರ್ಷದ ಲಸಿಕೆ ಹಾಕಿಸಿದ್ದೀರಾ ಇಲ್ಲವಾ ಎಂದು ವೈದ್ಯರಿಗೆ ಮೊದಲೇ ಹೇಳಿ.

ಮುಂದೆ ಬಿಡಿ ಹತ್ತಿ ಬಳಸಬೇಡಿ. ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡ ಮೆತ್ತನೆಯ ಸ್ಪಂಜಿನ ಉಂಡೆಯನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿ ಹೊಲಿದು, ಎರಡು ಉಂಡೆಯನ್ನೂ ಒಂದು ದಾರದಿಂದ ಸೇರಿಸಿ ನೆತ್ತಿಯ ಮೇಲೆ ಹಾಯಿಸಿ. ದಾರ ಹೊರಗೆ ಇದ್ದರೆ ಉಂಡೆ ಒಳಗೆ ಉಳಿಯುವ ಮಾತೇ ಇಲ್ಲ. ಮದುವೆಗೆ ಹದಿನೈದು ದಿನ ಮೊದಲೇ ಮನೆಯಲ್ಲಿ ಅಭ್ಯಾಸ ಮಾಡಿಸಿ, ಮೆರವಣಿಗೆ ಮುಗಿದ ತಕ್ಷಣ ತೆಗೆಯಿರಿ. ಕಿವಿ ಬುಡಕ್ಕೆ ಬಿಗಿಯುವ ಹಣೆಪಟ್ಟಿ, ಗೊಂಡೆಗಳ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು.

ಯಾವಾಗ ಮನೆಮದ್ದು ಬಿಟ್ಟು ಓಡಬೇಕು?
*ಹಲವು ಓದುಗರು*

ತಲೆ ಒಂದು ಕಡೆಗೆ ವಾಲಿದರೆ, ಒಂದೇ ಕಿವಿ ಜೋತುಬಿದ್ದು ಅದೇ ಬದಿಯ ತುಟಿ ಸೊಟ್ಟಗಾದರೆ, ಕಣ್ಣು ಮುಚ್ಚಲು ಆಗದಿದ್ದರೆ ಅದೇ ದಿನ. ಒಳಗಿವಿಗೆ ಅಥವಾ ಅದರ ಪಕ್ಕದ ನರಕ್ಕೆ ಪೆಟ್ಟಾಗಿದೆ ಎಂದರ್ಥ. ವೈದ್ಯರು ಬರುವವರೆಗೆ ಲಗಾಮು ಹಾಕಬೇಡಿ, ಸಮತಟ್ಟು ಜಾಗದಲ್ಲಿ ಒಂಟಿಯಾಗಿ ಬಿಡಿ, ನೆನೆಸಿದ ಮೆತ್ತನೆಯ ಮೇವನ್ನು ಎದೆ ಮಟ್ಟದಲ್ಲಿ ಇಡಿ. ಮುಚ್ಚದ ಕಣ್ಣಿಗೆ ಧೂಳು ಬೀಳದಂತೆ ನೆರಳು ಮಾಡಿ, ಕಣ್ಣು ಒಣಗಿದರೆ ಹುಣ್ಣಾಗುತ್ತದೆ.

ಕಿವಿಯಲ್ಲಿ ಹುಳ ಬಿದ್ದಿದ್ದರೂ ಅದೇ ದಿನ. ಹೊರಗಿನ ಗಾಯಕ್ಕೆ ಹಾಕುವ ಟರ್ಪೆಂಟೈನನ್ನು ಕಿವಿಯೊಳಗೆ ಸುರಿಯಬೇಡಿ, ಹುಳಗಳು ಇನ್ನೂ ಒಳಕ್ಕೆ ನುಗ್ಗುತ್ತವೆ, ಚರ್ಮವೂ ಬೇಯುತ್ತದೆ.

ಜ್ವರ ಬಂದಿದ್ದರೂ ಕಾಯಬಾರದು. ಗುದದ್ವಾರದಲ್ಲಿ ಇಟ್ಟು ನೋಡಿದ ಥರ್ಮಾಮೀಟರ್ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು, ಮಲಗಿ ಎದ್ದು ಸುಮ್ಮನಿರುವಾಗ ನಾಡಿ ನಿಮಿಷಕ್ಕೆ 28ರಿಂದ 44. ಎರಡನ್ನೂ ಬರೆದುಕೊಂಡು ಫೋನ್ ಮಾಡಿದರೆ ವೈದ್ಯರಿಗೆ ಅರ್ಧ ಚಿತ್ರ ಸಿಕ್ಕಂತೆ. ಜ್ವರದ ಜೊತೆ ಮೂಗಲ್ಲಿ ಅಂಟಾದ ಹಳದಿ ಸಿಂಬಳ, ಚರ್ಮದಲ್ಲಿ ಸಾಲುಗಂಟು, ಹುಣ್ಣು ಕಂಡರೆ ಅದು ಗ್ಲಾಂಡರ್ಸ್ ಇರಬಹುದು. ಮನುಷ್ಯರಿಗೂ ಅಂಟುವ, 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯಂತೆ ಪಶುಪಾಲನಾ ಇಲಾಖೆಗೆ ತಿಳಿಸಲೇಬೇಕಾದ ರೋಗ ಅದು. ಬರಿಗೈಯಲ್ಲಿ ಮುಟ್ಟಬೇಡಿ, ಕುದುರೆಯನ್ನು ಊರು ಬಿಟ್ಟು ಸಾಗಿಸಬೇಡಿ.

ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಿ, ಪಶು ಸಂಚಾರಿ ಚಿಕಿತ್ಸಾ ವಾಹನದ ಉಚಿತ ಸಹಾಯವಾಣಿ ಅದು. ಕರೆ ಮಾಡುವಾಗ ದನ ಎನ್ನದೆ ಕುದುರೆ ಎಂದೇ ಹೇಳಿ, ಯಾವ ಕಿವಿ, ಎಷ್ಟು ದಿನದಿಂದ, ಈಗಾಗಲೇ ಏನೇನು ಹಾಕಿದ್ದೀರಿ ಎಂಬುದನ್ನೂ ತಿಳಿಸಿ. ಎಣ್ಣೆ ಬಿಟ್ಟಿದ್ದರೆ ಮುಚ್ಚಿಡಬೇಡಿ, ಅದು ಗೊತ್ತಿದ್ದರೆ ತೊಳೆಯುವ ಸಿದ್ಧತೆ ಮಾಡಿಕೊಂಡೇ ಬರುತ್ತಾರೆ.